ಹೊಸ ಪ್ರೊಸೆಸರ್ ಸುದ್ದಿಗೆ ಷೇರು ಕೊಳ್ಳುವ ಮೊದಲು

ಹೊಸ ಚಾಲಿಯ (ಈ ಸಲದ ಒಣ ಅಡಿಕೆ) ರೇಟಿನ ಪಕ್ಕ ಡಬ್ಬಲ್ ಚೋಲಿನ (ಹಳೆಯ ದಾಸ್ತಾನಿನ ಅಡಿಕೆ) ರೇಟು ಇಟ್ಟು "ಅಡಿಕೆ ಏರಿತು" ಎಂದರೆ ಕಾಸರಗೋಡಿನ ಬದಿಯಡ್ಕದ ಯಾವ ಬೆಳೆಗಾರರೂ ಒಪ್ಪುವುದಿಲ್ಲ. ಅಡಿಕೆಯ ದುಡ್ಡಿನಲ್ಲಿ ಒಂದು ಪಾಲನ್ನು ಅಮೆರಿಕದ ಚಿಪ್ ಷೇರಿಗೆ ಹಾಕುವವರು ಅದೇ ಕಣ್ಣನ್ನು ಅಲ್ಲಿಯೂ ಇಡಬೇಕು. "ಐದು ಪಟ್ಟು ವೇಗ" ಎಂದಾಗ ಯಾವುದರ ಎದುರು ಯಾವುದನ್ನು ತೂಗಿದ್ದಾರೆ ಎಂದು ಮೊದಲು ನೋಡಿ.

2024ರ ಮಾರ್ಚ್‌ನಲ್ಲಿ ಎನ್‌ವಿಡಿಯಾ ಬ್ಲ್ಯಾಕ್‌ವೆಲ್ ಚಿಪ್ ತೋರಿಸಿದಾಗ ಕೊಟ್ಟ ಅಂಕಿ 20 ಪೆಟಾಫ್ಲಾಪ್ಸ್ (ಒಂದು ಪೆಟಾಫ್ಲಾಪ್ಸ್ ಎಂದರೆ ಸೆಕೆಂಡಿಗೆ ಸಾವಿರ ಲಕ್ಷ ಕೋಟಿ ಲೆಕ್ಕ); ಹಿಂದಿನ ಎಚ್100ರದ್ದು ಸುಮಾರು 4. ಆದರೆ 20 ಎಂಬುದು ಎಫ್‌ಪಿ4 (4 ಬಿಟ್ ಸಂಖ್ಯೆಗಳ) ಲೆಕ್ಕ, 4 ಎಂಬುದು ಎಫ್‌ಪಿ8 (8 ಬಿಟ್ ಸಂಖ್ಯೆಗಳ) ಲೆಕ್ಕ. ಸಂಖ್ಯೆಯನ್ನು 8 ಬಿಟ್‌ನಿಂದ 4 ಬಿಟ್‌ಗೆ ಇಳಿಸಿದರೆ ವೇಗದ ಅಂಕಿ ಇಮ್ಮಡಿಯಾಗುತ್ತದೆ. ಎರಡನ್ನೂ ಎಫ್‌ಪಿ8ಕ್ಕೆ ತನ್ನಿ: 10ಕ್ಕೆ 4, ಅಂದರೆ ಎರಡೂವರೆ ಪಟ್ಟು. ಹೊಸ ಚಿಪ್‌ನಲ್ಲಿ ಎರಡು ಡೈ (ಸಿಲಿಕಾನ್ ತುಂಡು) ಜೋಡಿಸಿದ್ದಾರೆ. ಡೈ ಒಂದಕ್ಕೆ ಹೆಚ್ಚಿದ್ದು ಕಾಲು ಪಾಲು ಮಾತ್ರ. 20ರ ಅಂಕಿ ಕೊಡುವ ಚಿಪ್‌ಗೆ ಕರೆಂಟ್ 700 ವಾಟ್‌ನಿಂದ 1200ರವರೆಗೆ ಹೋಗಿದೆ, ಆದ್ದರಿಂದ ವಾಟ್ ಒಂದಕ್ಕೆ ಸುಮಾರು 1.45 ಪಟ್ಟು. ಇದೂ ಒಳ್ಳೆಯ ಸುಧಾರಣೆಯೇ. 4 ಬಿಟ್‌ನಲ್ಲಿ ಉತ್ತರ ಕೆಡದ ಕೆಲಸಗಳಿಗೆ ಎಫ್‌ಪಿ4 ನಿಜವಾದ ಲಾಭ ಕೊಡುತ್ತದೆ. ಆದರೆ ಷೇರಿನ ಬೆಲೆ ಕಟ್ಟುವಾಗ ಐದನ್ನು ಹಿಡಿಯಬಾರದು. ಸ್ಲೈಡಿನ ಕೆಳಗಿನ ಸಣ್ಣ ಅಕ್ಷರದಲ್ಲಿ "ಸ್ಪಾರ್ಸಿಟಿ" (ಸೊನ್ನೆಗಳ ಲೆಕ್ಕ ಬಿಟ್ಟು ಮುಂದೆ ಹೋಗುವುದು) ಎಂದಿದ್ದರೆ ಆ ಅಂಕಿಯನ್ನು ಅರ್ಧ ಮಾಡಿ ಓದಿ; ಮೇಲಿನ ಎರಡೂ ಅಂಥವೇ.

ಮುಂದಿನದು ತಾರೀಕು. ಸ್ಯಾಂಪಲ್ ಕಳಿಸಿದ್ದು ಬೇರೆ, ತಯಾರಿಕೆ ಶುರುವಾದದ್ದು ಬೇರೆ, ಗಿರಾಕಿಗೆ ಸರಕು ತಲುಪಿದ್ದು ಬೇರೆ. ಆದಾಯ ಬರುವುದು ಕೊನೆಯದರಿಂದ. 2020ರ ಜುಲೈಯಲ್ಲಿ ಇಂಟೆಲ್ ತನ್ನ 7 ನ್ಯಾನೊಮೀಟರ್ ಚಿಪ್ ಸುಮಾರು ಆರು ತಿಂಗಳು ತಡ ಎಂದಿತು. ಕಾರಣ, ಒಂದು ವೇಫರ್‌ನಲ್ಲಿ (ಚಿಪ್‌ಗಳನ್ನು ಮಾಡುವ ಸಿಲಿಕಾನ್ ಬಿಲ್ಲೆ) ಸರಿಯಾಗಿ ಬರುವ ಚಿಪ್‌ಗಳ ಪ್ರಮಾಣ ಕಡಿಮೆ. ಮರುದಿನ ಷೇರು ಸುಮಾರು 16% ಬಿತ್ತು.

ಆಮೇಲೆ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿಯ ಎಡ್ಗರ್ ತಾಣದಲ್ಲಿ ಕಂಪನಿಯ ತ್ರೈಮಾಸಿಕ ವರದಿ ತೆರೆಯಿರಿ, ದುಡ್ಡು ಕೊಡಬೇಕಿಲ್ಲ. ದಾಸ್ತಾನನ್ನು ಆ ತ್ರೈಮಾಸಿಕದಲ್ಲಿ ಮಾರಿದ ಸರಕಿನ ವೆಚ್ಚದಿಂದ (ಕಾಸ್ಟ್ ಆಫ್ ರೆವೆನ್ಯೂ) ಭಾಗಿಸಿ 90ರಿಂದ ಗುಣಿಸಿದರೆ ಎಷ್ಟು ದಿನದ ಸರಕು ಗೋದಾಮಿನಲ್ಲಿದೆ ಎಂದು ತಿಳಿಯುತ್ತದೆ. ಹೊಸದು ಬರುವ ಹೊತ್ತಿಗೆ ಈ ದಿನಗಳು ಏರುತ್ತಿದ್ದರೆ ಹಳೆ ಸರಕು ಉಳಿದಿರಬಹುದು. 2022ರಲ್ಲಿ ಎನ್‌ವಿಡಿಯಾ ಹೆಚ್ಚಾಗಿ ದಾಸ್ತಾನಿಗಾಗಿಯೇ ಸುಮಾರು 130 ಕೋಟಿ ಡಾಲರ್ ನಷ್ಟ ಬರೆದಾಗ ಒಟ್ಟು ಲಾಭದ ಪ್ರಮಾಣ (ಗ್ರಾಸ್ ಮಾರ್ಜಿನ್) ಒಂದೇ ತ್ರೈಮಾಸಿಕದಲ್ಲಿ 65.5%ರಿಂದ 43.5%ಕ್ಕೆ ಇಳಿಯಿತು.

ವಿಶ್ಲೇಷಕರ ಮಾತನ್ನು ನಂಬಬೇಕೇ? ಒಬ್ಬೊಬ್ಬರನ್ನೇ ಹಿಡಿದು ಪರೀಕ್ಷಿಸಿ. ಅವರ ಹಿಂದಿನ ಎಂಟು ಟಾರ್ಗೆಟ್ (ಷೇರು ಮುಟ್ಟಬಹುದು ಎಂದು ಹೇಳಿದ ಬೆಲೆ) ಬರೆದುಕೊಳ್ಳಿ: ತಾರೀಕು, ಅಂದಿನ ಬೆಲೆ, ಟಾರ್ಗೆಟ್, 12 ತಿಂಗಳ ಮೇಲಿನ ಬೆಲೆ. ಬೆಲೆ ಏರಿದ ಮೇಲೆ ಟಾರ್ಗೆಟ್ ಏರಿಸಿ, ಇಳಿದ ಮೇಲೆ ಇಳಿಸಿದ್ದರೆ ಅದರಲ್ಲಿ ನಿಮಗೆ ಹೊಸ ಮಾಹಿತಿ ಏನೂ ಇಲ್ಲ. ಟಾರ್ಗೆಟ್‌ಗಿಂತ ಅವರ ಆದಾಯದ ಅಂದಾಜು ಎಷ್ಟು ಹತ್ತಿರ ಬಂತು ಎಂಬುದನ್ನು ನಾನು ಹೆಚ್ಚು ನಂಬುತ್ತೇನೆ. ವರದಿಯ ಕೊನೆಯ ಪುಟ ಬಿಡಬೇಡಿ. ಅವರ ಸಂಸ್ಥೆಗೆ ಅದೇ ಕಂಪನಿಯಿಂದ ಬ್ಯಾಂಕಿಂಗ್ ಶುಲ್ಕ ಬರುತ್ತದೆಯೇ ಎಂಬುದು ಅಲ್ಲಿರುತ್ತದೆ. ಈ ಹಿತಾಸಕ್ತಿಯ ವಿಚಾರಕ್ಕೇ 2003ರಲ್ಲಿ ವಾಲ್ ಸ್ಟ್ರೀಟಿನ ಹತ್ತು ಸಂಸ್ಥೆಗಳು ಸುಮಾರು 140 ಕೋಟಿ ಡಾಲರ್ ತೆತ್ತವು.

ಭಾರತದ ಸೆಮಿಕಂಡಕ್ಟರ್ ಷೇರಿನ ಸಲಹೆ ವಾಟ್ಸಾಪಿನಲ್ಲಿ ಬಂದರೆ ರಿಸರ್ಚ್ ಅನಲಿಸ್ಟ್‌ಗಳಿಗೆ ಕೊಡುವ, ಐಎನ್‌ಎಚ್ ಎಂದು ಶುರುವಾಗುವ ನೋಂದಣಿ ಸಂಖ್ಯೆ ಕೇಳಿ, ನಮ್ಮ ಷೇರುಪೇಟೆ ನಿಯಂತ್ರಕ ಸೆಬಿಯ ತಾಣದಲ್ಲಿ ಹೆಸರಿನೊಂದಿಗೆ ತಾಳೆ ನೋಡಿ.

ಅಮೆರಿಕದ ಕಂಪನಿಗಳ ಫಲಿತಾಂಶಗಳು ಹೆಚ್ಚಾಗಿ ಅಲ್ಲಿ ಪೇಟೆ ಮುಚ್ಚಿದ ಮೇಲೆ, ನಮ್ಮಲ್ಲಿ ರಾತ್ರಿ ಒಂದೂವರೆ ದಾಟಿದ ಮೇಲೆ ಬರುತ್ತವೆ. ಚಳಿಗಾಲದಲ್ಲಿ ಇನ್ನೊಂದು ಗಂಟೆ ತಡ. ಆ ಹೊತ್ತಿನಲ್ಲಿ ಕೊಳ್ಳುವವರು, ಮಾರುವವರು ಕಡಿಮೆ, ಬೆಲೆ ಜಿಗಿಯುತ್ತದೆ. ಬೆಳಿಗ್ಗೆ ಎದ್ದು ವರದಿ ಓದಿ, ಸಂಜೆ ಪೇಟೆ ತೆರೆದ ಮೇಲೆ ಲಿಮಿಟ್ ಆರ್ಡರ್ (ಇಷ್ಟಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂದು ಬೆಲೆ ಗೊತ್ತುಮಾಡಿದ ಆರ್ಡರ್) ಹಾಕಿ.