ಇನ್ನು ನಿಮ್ಮದೇನಾದರೂ ಪ್ರಶ್ನೆ ಇದೆಯಾ?

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಒಂದು ಸುತ್ತಿನ ಸಂದರ್ಶನ ಸಾಮಾನ್ಯವಾಗಿ 45 ನಿಮಿಷದಿಂದ ಒಂದು ಗಂಟೆ ನಡೆಯುತ್ತದೆ. ಕೊನೆಯ ಐದು ನಿಮಿಷ, ಪ್ರಶ್ನೆ ಕೇಳಲೆಂದು, ಅಭ್ಯರ್ಥಿಗೆ ಬಿಟ್ಟದ್ದು. ಕೋಡಿಂಗ್ ಪ್ರಶ್ನೆ ಉದ್ದವಾದರೆ ಆ ಐದು ಎರಡಕ್ಕೆ ಇಳಿಯುತ್ತದೆ. ಮೇಜಿನ ಎರಡೂ ಕಡೆ ಕೂತು ನೋಡಿದ್ದೇನೆ, "ಏನಿಲ್ಲ ಸರ್, ಎಲ್ಲ ಗೊತ್ತಾಯಿತು" ಎಂದು ಏಳುವವರೇ ಹೆಚ್ಚು. ಅದರಿಂದ ಕೆಲಸವೇನೂ ತಪ್ಪಿಹೋಗುವುದಿಲ್ಲ. ಆದರೆ ಮುಂದಿನ ಎರಡು ಮೂರು ವರ್ಷ ಎಲ್ಲಿ, ಯಾರ ಜೊತೆ ಕಳೆಯಬೇಕು ಎಂಬುದನ್ನು ಆಫರ್ ಲೆಟರಿನ ಅಂಕಿಯೊಂದನ್ನೇ ನೋಡಿ ತೀರ್ಮಾನಿಸಬೇಕಾಗುತ್ತದೆ.

ಪ್ರಶ್ನೆ ಆರಿಸುವಾಗ ನಾನು ಮೊದಲು ನೋಡುವುದು ಇದನ್ನು: ಅದು ನಡೆದುಹೋದ ಸಂಗತಿಯನ್ನು ಕೇಳುತ್ತದೆಯೇ? "ಇಲ್ಲಿ ಕೆಲಸದ ಒತ್ತಡ ಹೇಗೆ?" ಎಂದರೆ "ಪರವಾಗಿಲ್ಲ, ಚೆನ್ನಾಗಿದೆ" ಎಂಬ ಉತ್ತರ ಎಲ್ಲ ಕಡೆ ಸಿಗುತ್ತದೆ. "ಕಳೆದ ಎರಡು ತಿಂಗಳಲ್ಲಿ ನಿಮ್ಮ ತಂಡ ಎಷ್ಟು ಶನಿವಾರ ಕೆಲಸ ಮಾಡಬೇಕಾಯಿತು?" ಎಂದರೆ ಎದುರಿಗಿರುವವರು ನೆನಪು ಮಾಡಿಕೊಳ್ಳಬೇಕಾಗುತ್ತದೆ. ನೆನಪು ಮಾಡಿಕೊಂಡು ಹೇಳುವ ಮಾತಿನಲ್ಲಿ ಸುಳ್ಳು ಬೆರೆಸುವುದು ಕಷ್ಟ, ಹೆಚ್ಚಿನವರು ಬೆರೆಸುವುದೂ ಇಲ್ಲ. "ಸಾಮಾನ್ಯವಾಗಿ" ಎಂಬ ಪದ ನಿಮ್ಮ ಪ್ರಶ್ನೆಯಲ್ಲಿದ್ದರೆ ತೆಗೆದು "ಕಳೆದ ಸಲ" ಎಂದು ಹಾಕಿ ನೋಡಿ.

ಎರಡನೆಯದು, ಯಾರನ್ನು ಏನು ಕೇಳಬೇಕು ಎಂಬುದು. ತಾಂತ್ರಿಕ ಸುತ್ತಿನವರಿಗೆ ಸಂಬಳದ ವಿವರ ಗೊತ್ತಿರುವುದಿಲ್ಲ. ಎಚ್‌ಆರ್‌ಗೆ ಕೋಡ್ ರಿವ್ಯೂ (ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಪರಿಶೀಲಿಸುವುದು) ಹೇಗೆ ನಡೆಯುತ್ತದೆ ಎಂಬುದು ಗೊತ್ತಿರುವುದಿಲ್ಲ. ತಪ್ಪು ಜಾಗದಲ್ಲಿ ಕೇಳಿದ ಒಳ್ಳೆಯ ಪ್ರಶ್ನೆ ಸಮಯ ತಿನ್ನುತ್ತದೆ, ಅಷ್ಟೇ.

ತಾಂತ್ರಿಕ ಸುತ್ತಿನಲ್ಲಿ ನಾನು ಮೊದಲು ಕೇಳುವುದು: "ನೀವು ಈಚೆಗೆ ಮಾಡಿದ ಒಂದು ಸಣ್ಣ ಬದಲಾವಣೆ ಪ್ರೊಡಕ್ಷನ್ ತಲುಪಲು ಎಷ್ಟು ಹೊತ್ತು ಹಿಡಿಯಿತು? ನಡುವೆ ಯಾರ್ಯಾರು ಒಪ್ಪಿಗೆ ಕೊಡಬೇಕಾಯಿತು?" ಪ್ರೊಡಕ್ಷನ್ ಎಂದರೆ ಬಳಕೆದಾರರ ಕೈಯಲ್ಲಿರುವ ಆವೃತ್ತಿ. ಕೆಲವು ಗಂಟೆ ಎಂದರೆ ಟೆಸ್ಟ್‌ಗಳು ತಾವಾಗಿಯೇ ಓಡುತ್ತವೆ, ತಂಡಕ್ಕೆ ತನ್ನ ಕೋಡಿನ ಮೇಲೆ ನಂಬಿಕೆಯಿದೆ. ಎರಡು ಮೂರು ವಾರ ಎಂದರೆ ಕೈಯಿಂದ ಮಾಡುವ ಪರೀಕ್ಷೆ, ಗ್ರಾಹಕರ ಅನುಮತಿ, ನಿಗದಿಯಾದ ರಿಲೀಸ್ ದಿನ ಇವೆಲ್ಲ ಇವೆ. ಬ್ಯಾಂಕಿಂಗ್ ಕೆಲಸದಲ್ಲಿ ಇದಕ್ಕೆ ಕಾರಣವಿರುತ್ತದೆ. ಹೊಸ ಸ್ಟಾರ್ಟಪ್‌ನಲ್ಲಿ ಇದ್ದರೆ ಏಕೆ ಎಂದು ಕೇಳಿಯೇ ತಿಳಿದುಕೊಳ್ಳಬೇಕು.

ಅದರ ಬೆನ್ನಿಗೆ ಆನ್‌ಕಾಲ್, ಅಂದರೆ ಹೊತ್ತಲ್ಲದ ಹೊತ್ತಿನಲ್ಲಿ ಸಿಸ್ಟಮ್ ಕೆಟ್ಟರೆ ಎದ್ದು ಸರಿಪಡಿಸುವ ಸರದಿ. "ನಿಮ್ಮ ಕಳೆದ ಆನ್‌ಕಾಲ್ ವಾರದಲ್ಲಿ ರಾತ್ರಿ ಎಷ್ಟು ಸಲ ಎದ್ದಿರಿ?" ಎಂದು ನೇರವಾಗಿ ಕೇಳಿ. ಜೊತೆಗೆ ಸರದಿಯಲ್ಲಿ ಎಷ್ಟು ಜನ ಇದ್ದಾರೆ ಎಂಬುದೂ ಗೊತ್ತಿರಲಿ. ನಾಲ್ಕು ಜನರಾದರೆ ತಿಂಗಳಿಗೊಂದು ವಾರ ನಿಮ್ಮದು, ಎಂಟು ಜನರಾದರೆ ಎರಡು ತಿಂಗಳಿಗೊಮ್ಮೆ. ಭತ್ಯೆ ಅಥವಾ ಬದಲಿ ರಜೆ ಇದೆಯೇ ಎಂಬುದನ್ನು ಎಚ್‌ಆರ್‌ಗೆ ಉಳಿಸಿಡಿ.

ಮ್ಯಾನೇಜರ್ ಸುತ್ತು ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಬಿಡುವವರಲ್ಲಿ ಬಹಳಷ್ಟು ಮಂದಿ ಬಿಡುವುದು ಮ್ಯಾನೇಜರ್ ಕಾರಣಕ್ಕೆ. "ಈ ಹುದ್ದೆ ಏಕೆ ಖಾಲಿಯಾಯಿತು?" ಎಂದು ಕೇಳಿ. ತಂಡ ಬೆಳೆಯುತ್ತಿದೆ, ಹಿಂದಿನವರು ಒಳಗೇ ಬೇರೆ ತಂಡಕ್ಕೆ ಹೋದರು, ಕಂಪನಿ ಬಿಟ್ಟರು: ಈ ಮೂರರಲ್ಲಿ ಒಂದು ಉತ್ತರ ಬರುತ್ತದೆ. ಬಿಟ್ಟರು ಎಂದರೆ ಗಾಬರಿ ಬೇಡ. "ಅವರ ಕೆಲಸವನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆ? ಎಷ್ಟು ಸಮಯದಿಂದ?" ಎಂದು ಮುಂದುವರಿಸಿ. ಆರು ತಿಂಗಳಿಂದ ಯಾರೂ ಇಲ್ಲ ಎಂದಾದರೆ ಸೇರಿದ ದಿನವೇ ಬಾಕಿ ಕೆಲಸದ ಮೂಟೆ ನಿಮ್ಮ ತಲೆಗೆ. ಆಮೇಲೆ, "ಸೇರಿದ ಮೂರು ತಿಂಗಳಲ್ಲಿ ನಾನು ಏನು ಮುಗಿಸಿದರೆ ನಿಮಗೆ ಸಮಾಧಾನ?" ಇದಕ್ಕೆ ತಡವರಿಸುವ ಮ್ಯಾನೇಜರ್ ಬಳಿ ವರ್ಷದ ಕೊನೆಗೆ ನಿಮ್ಮನ್ನು ಅಳೆಯುವ ಅಳತೆಯೂ ಇರುವುದಿಲ್ಲ. "ನಿಮ್ಮ ತಂಡದಲ್ಲಿ ಕಳೆದ ಸಲ ಬಡ್ತಿ ಸಿಕ್ಕವರು ಯಾವ ಕೆಲಸಕ್ಕೆ ಪಡೆದರು?" ಎಂಬ ಪ್ರಶ್ನೆಯನ್ನು ನಾನು ಎಂದೂ ಬಿಡುವುದಿಲ್ಲ.

ಸರ್ವೀಸ್ ಕಂಪನಿಯಾದರೆ, ಅಂದರೆ ಬೇರೆ ಕಂಪನಿಗಳ ಕೆಲಸ ಮಾಡಿಕೊಡುವಂಥದ್ದಾದರೆ, ಇನ್ನೆರಡು ಸೇರಿಸಿ. ಪ್ರಾಜೆಕ್ಟ್ ಖಚಿತವಾಗಿದೆಯೇ, ಇಲ್ಲ ಸೇರಿದ ಮೇಲೆ ಬೆಂಚಿನಲ್ಲಿ (ಪ್ರಾಜೆಕ್ಟ್ ಇಲ್ಲದೆ ಖಾಲಿ) ಕೂತು ಗ್ರಾಹಕರ ಸಂದರ್ಶನ ಮತ್ತೆ ಕೊಡಬೇಕೇ? ಗ್ರಾಹಕರು ಯಾವ ಊರಿನವರು? ನ್ಯೂಯಾರ್ಕಿನ ಬೆಳಗಿನ 9 ಗಂಟೆ ಎಂದರೆ ನಮಗೆ ಬೇಸಿಗೆಯಲ್ಲಿ ಸಂಜೆ 6:30, ಚಳಿಗಾಲದಲ್ಲಿ 7:30. ಕ್ಯಾಲಿಫೋರ್ನಿಯಾದ 9 ಗಂಟೆ ರಾತ್ರಿ 9:30 ಇಲ್ಲವೇ 10:30. "ನಿನ್ನೆ ನಿಮ್ಮ ಕೊನೆಯ ಮೀಟಿಂಗ್ ಎಷ್ಟು ಹೊತ್ತಿಗೆ ಮುಗಿಯಿತು?" ಎಂದರೆ ಶಿಫ್ಟಿನ ನಿಜ ತಿಳಿಯುತ್ತದೆ. ವಾರಕ್ಕೆ ಎಷ್ಟು ದಿನ ಆಫೀಸು, ಯಾವ ಕಟ್ಟಡ ಎಂಬುದನ್ನೂ ಕೇಳಿ. ಮನೆ ನಗರದ ದಕ್ಷಿಣದ ಬನಶಂಕರಿಯಲ್ಲಿದ್ದು ಆಫೀಸು ಉತ್ತರದ ಮಾನ್ಯತಾ ಟೆಕ್ ಪಾರ್ಕಿನಲ್ಲಿದ್ದರೆ ಇದು ಸಣ್ಣ ವಿಷಯವಲ್ಲ.

ಎಚ್‌ಆರ್ ಸುತ್ತಿನಲ್ಲಿ ಸಂಕೋಚ ಬೇಡ. ಸಿಟಿಸಿ (ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಎಷ್ಟು ಎಂಬುದಕ್ಕಿಂತ ಅದರೊಳಗೆ ಏನೇನು ಸೇರಿದೆ ಎಂದು ಕೇಳಬೇಕು. 12 ಲಕ್ಷ ಸಿಟಿಸಿ ಎಂದಿಟ್ಟುಕೊಳ್ಳಿ. ಅದರಲ್ಲಿ ವೇರಿಯಬಲ್ (ಸಾಧನೆ ನೋಡಿ ಕೊಡುವ ಭಾಗ) ಶೇ. 10, ಅಂದರೆ 1,20,000. ಬೇಸಿಕ್ (ಮೂಲ ವೇತನ) 6 ಲಕ್ಷವಾದರೆ ಕಂಪನಿಯ ಪಾಲಿನ ಪಿಎಫ್ ಶೇ. 12ರಂತೆ 72,000. ಗ್ರಾಚ್ಯುಟಿ ಶೇ. 4.81ರಂತೆ 28,860. ಇವನ್ನು ಕಳೆದರೆ ಉಳಿಯುವುದು 9,79,140, ತಿಂಗಳಿಗೆ 81,595. ಅದರಿಂದ ನಿಮ್ಮ ಪಾಲಿನ ಪಿಎಫ್ 6,000, ವೃತ್ತಿ ತೆರಿಗೆ 200 ಹೋಗಿ, ಆದಾಯ ತೆರಿಗೆಗೂ ಮೊದಲೇ ಕೈಗೆ 75,395. ತಿಂಗಳಿಗೆ ಒಂದು ಲಕ್ಷ ಎಂದು ಮನೆಯಲ್ಲಿ ಹೇಳಿ ಇಎಂಐ ಒಪ್ಪಿಕೊಂಡವರು ಇಲ್ಲೇ ಸಿಕ್ಕಿಬೀಳುವುದು. ವಿಮೆಯ ಕಂತನ್ನೂ ಸಿಟಿಸಿಯಲ್ಲೇ ಸೇರಿಸುವ ಕಂಪನಿಗಳಿವೆ. ಪಟ್ಟಿ ತರಿಸಿಕೊಂಡು ಸಾಲು ಸಾಲಾಗಿ ಓದಿ.

ವೇರಿಯಬಲ್ ಬಗ್ಗೆ ಕೇಳಬೇಕಾದ್ದು "ಕಳೆದ ಎರಡು ವರ್ಷ ಶೇಕಡಾ ಎಷ್ಟು ಕೊಟ್ಟಿರಿ?" ಎಂದು. ಜಾಯಿನಿಂಗ್ ಬೋನಸ್ ಇದ್ದರೆ ಎಷ್ಟು ತಿಂಗಳೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕು, ತೆರಿಗೆ ಕಳೆದ ಮೊತ್ತವೋ ಪೂರ್ತಿ ಮೊತ್ತವೋ? ನೋಟಿಸ್ ಅವಧಿ ಪ್ರೊಬೇಷನ್‌ನಲ್ಲಿ ಎಷ್ಟು, ಆಮೇಲೆ ಎಷ್ಟು? 90 ದಿನವಾದರೆ ನಿಮ್ಮ ಮುಂದಿನ ಕೆಲಸಕ್ಕೂ ಅದು ಅಡ್ಡ ಬರುತ್ತದೆ. ಇಸಾಪ್ (ಕಂಪನಿಯ ಷೇರನ್ನು ನಿಗದಿತ ಬೆಲೆಗೆ ಕೊಳ್ಳುವ ಹಕ್ಕು) ಕೊಡುತ್ತೇವೆ ಎಂದರೆ ಎಷ್ಟು ಷೇರು ಎಂಬ ಅಂಕಿಯೊಂದರಿಂದ ಏನೂ ತಿಳಿಯದು. ಕಂಪನಿಯ ಒಟ್ಟು ಷೇರು ಎಷ್ಟು, ಕೊಳ್ಳುವ ಬೆಲೆ ಎಷ್ಟು, ಬಿಟ್ಟ ಮೇಲೆ ಕೊಳ್ಳಲು ಎಷ್ಟು ದಿನ ಕೊಡುತ್ತೀರಿ ಎಂದು ಕೇಳಿ. ನಾಲ್ಕು ವರ್ಷದ ವೆಸ್ಟಿಂಗ್‌ನಲ್ಲಿ (ಆ ಹಕ್ಕು ಹಂತ ಹಂತವಾಗಿ ನಿಮ್ಮದಾಗುವ ಅವಧಿ) ಮೊದಲ ವರ್ಷ ತುಂಬುವ ಮುನ್ನ ಬಿಟ್ಟರೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ.

ಫ್ರೆಶರ್‌ಗಳು ಮೂರನ್ನು ಮರೆಯಬಾರದು: ಸೇರುವ ದಿನಾಂಕ ಲಿಖಿತವಾಗಿ ಇದೆಯೇ, ಬಾಂಡ್ (ಅವಧಿಗೆ ಮುನ್ನ ಬಿಟ್ಟರೆ ಹಣ ಕಟ್ಟುವ ಕರಾರು) ಮೊತ್ತ ಮತ್ತು ಅವಧಿ ಎಷ್ಟು, ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತಾರೆಯೇ. ಇಟ್ಟುಕೊಳ್ಳುತ್ತೇವೆ ಎಂದರೆ ಒಪ್ಪಬೇಡಿ. ತೋರಿಸಿ ವಾಪಸ್ ತರಬೇಕು.

ಕೆಡುವುದು ಹೆಚ್ಚಾಗಿ ಕೇಳುವ ರೀತಿಯಲ್ಲಿ. ವೆಬ್‌ಸೈಟಿನಲ್ಲೇ ಇರುವುದನ್ನು ಕೇಳಿದರೆ ನೀವು ಓದಿಕೊಂಡು ಬಂದಿಲ್ಲ ಎಂದಾಗುತ್ತದೆ. ಒಂದೇ ಉಸಿರಿಗೆ ನಾಲ್ಕು ಕೇಳಿದರೆ ಉತ್ತರ ಬರುವುದು ಸುಲಭವಾದದ್ದಕ್ಕೆ ಮಾತ್ರ. ಉತ್ತರ ಹಿಡಿಸಲಿಲ್ಲವೆಂದು ವಾದಕ್ಕೆ ಇಳಿಯಬಾರದು, ಕೇಳಿಸಿಕೊಂಡು ಬರೆದುಕೊಳ್ಳಿ. ಪ್ರತಿ ಸುತ್ತಿಗೆ ಮೂರು ಪ್ರಶ್ನೆ, ಮುಖ್ಯವಾದದ್ದು ಮೊದಲು, ಚೀಟಿಯಲ್ಲಿ. ಚೀಟಿ ನೋಡಿ ಕೇಳಿದರೆ ಯಾರೂ ಬೇಸರ ಪಡುವುದಿಲ್ಲ. ಒಂದು ಪ್ರಶ್ನೆಯನ್ನು ಬೇಕೆಂದೇ ಇಬ್ಬರಿಗೂ ಕೇಳಿ: ಎಂಜಿನಿಯರ್ "ತಿಂಗಳಿಗೆ ಎರಡು ಶನಿವಾರ" ಎಂದು, ಮ್ಯಾನೇಜರ್ "ಯಾವತ್ತೂ ಇಲ್ಲ" ಎಂದರೆ, ಎಂಜಿನಿಯರ್ ಮಾತನ್ನೇ ನಂಬಿ.

ಸಮಯ ಮುಗಿದುಹೋದರೆ "ಎರಡು ಪ್ರಶ್ನೆ ಉಳಿದಿವೆ, ಎಚ್‌ಆರ್ ಮೂಲಕ ಕಳಿಸಬಹುದೇ?" ಎಂದು ಕೇಳಿ ಮುಗಿಸಿ. ಆಫರ್ ಬಂದ ಮೇಲೆ, ಒಪ್ಪುವ ಮೊದಲು, ತಂಡದ ಒಬ್ಬರ ಜೊತೆ ಅರ್ಧ ಗಂಟೆ ಮಾತಾಡಲು ಅವಕಾಶ ಕೇಳಬಹುದು. ಆ ಹೊತ್ತಿಗೆ ಅವರಿಗೂ ನೀವು ಬೇಕಾಗಿರುತ್ತೀರಿ, ಆದ್ದರಿಂದ ಸಿಗುತ್ತದೆ. ವಾರಕ್ಕೆರಡು ದಿನ ಮನೆಯಿಂದ ಕೆಲಸ, ಏಪ್ರಿಲ್‌ನಲ್ಲೇ ಅಪ್ರೈಸಲ್, ಹೀಗೆ ಬಾಯಲ್ಲಿ ಹೇಳಿದ್ದನ್ನೆಲ್ಲ "ನಮ್ಮ ಮಾತುಕತೆಯಂತೆ" ಎಂದು ಒಂದು ಇಮೇಲ್‌ನಲ್ಲಿ ಬರೆದು ಕಳಿಸಿ. "ಹೌದು" ಎಂಬ ಮರುತ್ತರ ಬಂದ ಮೇಲೆ ರಾಜೀನಾಮೆ ಕೊಡಿ.