ಇಸ್ಲಾಮಿಕ್ ಕಲೆ ನೋಡೋದಕ್ಕೆ ಕೈವಾರ ಹಿಡಿದ ಕಥೆ

ಇಸ್ಲಾಮಿಕ್ ಕಲೆಯ ಇತಿಹಾಸ ಓದೋಣ ಅಂತ ಹೊರಟಾಗ ನಾನು ಮೊದಲು ಮಾಡಿದ್ದು ರಾಜವಂಶಗಳ ಪಟ್ಟಿ ಬಾಯಿಪಾಠ. ಉಮಯ್ಯದ್, ಅಬ್ಬಾಸಿದ್, ಫಾತಿಮಿದ್, ಸೆಲ್ಜುಕ್, ಮಮ್ಲೂಕ್, ಸಫವಿದ್... ಎರಡೇ ವಾರಕ್ಕೆ ಎಲ್ಲಾ ಕಲಸುಮೇಲೋಗರ. ಯಾವ ಹೆಸರು ಹೇಳಿದರೂ ಕಣ್ಣ ಮುಂದೆ ಒಂದು ವಸ್ತು ಕೂಡ ಬರುತ್ತಿರಲಿಲ್ಲ. ಪಟ್ಟಿ ಪಕ್ಕಕ್ಕಿಟ್ಟು ಕೈವಾರ, ಸ್ಕೇಲು, ಪೆನ್ಸಿಲ್ ತಗೊಂಡೆ.

ಒಂದು ವೃತ್ತ ಎಳೆದು ಅದರ ಮೇಲೆ ಸಮ ಅಂತರದಲ್ಲಿ 8 ಚುಕ್ಕಿ ಇಟ್ಟೆ. ಒಂದು ಬಿಟ್ಟು ಒಂದು ಚುಕ್ಕಿ ಸೇರಿಸಿದರೆ ಎರಡು ಚೌಕ ಒಂದರ ಮೇಲೊಂದು ಓರೆಯಾಗಿ ಕೂರುತ್ತವೆ, ಎಂಟು ಮೂಲೆಯ ನಕ್ಷತ್ರ ರೆಡಿ. ಇಂಥವನ್ನು ತುದಿಗೆ ತುದಿ ತಾಗಿಸಿ ಸಾಲುಸಾಲಾಗಿ ಬರೆಯುತ್ತಾ ಹೋದರೆ ನಡುವೆ ಉಳಿಯುವ ಜಾಗ ತಾನಾಗಿಯೇ ಶಿಲುಬೆಯ ಆಕಾರ ಆಗುತ್ತದೆ! ಇರಾನಿನ ಕಾಶಾನ್‌ನಲ್ಲಿ 13ನೇ ಶತಮಾನದಲ್ಲಿ ಗೋಡೆಗೆ ಹಾಕಲು ಮಾಡುತ್ತಿದ್ದ ಹೊಳೆಯುವ ಟೈಲ್ಸ್‌ನಲ್ಲಿ ಇದೇ ಜೋಡಿ ಇದೆ. ಫೋಟೋದಲ್ಲಿ ಎಷ್ಟು ಸಲ ನೋಡಿದ್ದೆನೋ, ಒಂದು ಆಕಾರ ಬಂದರೆ ಇನ್ನೊಂದು ಪುಕ್ಕಟೆ ಬರುತ್ತದೆ ಅಂತ ಹೊಳೆದಿರಲಿಲ್ಲ. ನನ್ನದು ಮಾತ್ರ ನಾಲ್ಕನೇ ನಕ್ಷತ್ರಕ್ಕೇ ಕೆಟ್ಟಿತು. ಕೈವಾರದ ಮುಳ್ಳು ಕೂತ ತೂತು ದೊಡ್ಡದಾಗಿ, ತುದಿಗಳು ಎರಡು ಮಿಲಿಮೀಟರ್ ದೂರ ನಿಂತವು. ಮೊದಲೇ ಹಗುರವಾಗಿ ಚೌಕುಳಿ ಗೆರೆ ಹಾಕಿಕೊಳ್ಳಬೇಕಿತ್ತು.

ಆಮೇಲೆ ಅಕ್ಷರ. ಅರೇಬಿಕ್ ಭಾಷೆ ಬರದಿದ್ದರೂ ಅದರ 28 ಅಕ್ಷರಗಳನ್ನು ಗುರುತಿಸೋದು ಕಲಿತೆ, ಅಷ್ಟೇ. ಪರೀಕ್ಷೆಗೆ ಅಂತ ಆರಿಸಿಕೊಂಡದ್ದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನ ಒಂದು ದೊಡ್ಡ ಬಟ್ಟಲು. ಇರಾನಿನ ನಿಶಾಪುರದ್ದು, 10ನೇ ಶತಮಾನ, ಅಗಲ ಸುಮಾರು 45 ಸೆಂಟಿಮೀಟರ್. ಬೆಳ್ಳಗಿನ ಮೈ, ಅಂಚಿನ ಸುತ್ತ ಕಪ್ಪು ಕೂಫಿ ಲಿಪಿ, ಅಂದರೆ ಅರೇಬಿಕ್ ಬರೆಯುವ ಒಂದು ಹಳೇ ಶೈಲಿ. ನೆಟ್ಟಗಿನ ಅಕ್ಷರಗಳೆಲ್ಲ ನಡುಬಿಂದುವಿನ ಕಡೆಗೆ ಉದ್ದಕ್ಕೆ ಚಾಚಿವೆ, ಅಡ್ಡ ಗೆರೆಗಳು ಅಂಚಿನ ಜೊತೆ ಬಾಗುತ್ತವೆ, ಉಳಿದ ಬಿಳಿ ಖಾಲಿ ಖಾಲಿ. ಒಂದೇ ಥರ ಕಾಣುವ ಅಕ್ಷರಗಳನ್ನು ಬೇರೆ ಮಾಡುವ ಚುಕ್ಕಿಗಳೇ ಇಲ್ಲದ ಆ ಬರಹ ಓದಲು ಮೂರು ಸಂಜೆ ಹಿಡಿಯಿತು, ಅದೂ ಅನುವಾದ ಪಕ್ಕದಲ್ಲಿಟ್ಟುಕೊಂಡು. ಕೆಲಸಕ್ಕೆ ಮೊದಲೇ ಯೋಜನೆ ಮಾಡಿಕೊಂಡರೆ ಆಮೇಲೆ ಪಶ್ಚಾತ್ತಾಪ ಪಡಬೇಕಿಲ್ಲ ಅಂತ ಬರೆದಿದೆ. ನನ್ನ ನಾಲ್ಕನೇ ನಕ್ಷತ್ರ ನೆನಪಾಗಿ ನಗು ಬಂತು.

ಈ ಕಲೆಯಲ್ಲಿ ಮನುಷ್ಯರ, ಪ್ರಾಣಿಗಳ ಚಿತ್ರವೇ ಇಲ್ಲ ಅಂತ ನಾನೂ ನಂಬಿದ್ದೆ. ಮಸೀದಿಯ ಗೋಡೆ, ಕುರಾನ್ ಪ್ರತಿಗಳ ಮಟ್ಟಿಗೆ ಅದು ಸರಿ. ಆದರೆ 1232ರಲ್ಲಿ ಇರಾಕಿನ ಮೋಸುಲ್‌ನಲ್ಲಿ ಮಾಡಿದ ಬ್ಲಾಕಾಸ್ ಹೂಜಿ ನೋಡಿ, ಹಿತ್ತಾಳೆಯ ಮೈಮೇಲೆ ಬೆಳ್ಳಿ ಕೂರಿಸಿ ಬೇಟೆಗಾರರು, ವಾದ್ಯ ನುಡಿಸುವವರು, ಎಲ್ಲರೂ ಇದ್ದಾರೆ. ಈಗ ಅದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ನಾಚಿಕೆಯಾಗುವಂಥ ತಪ್ಪು ಒಂದು ಆಯ್ತು. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನ ಅರ್ದಬೀಲ್ ರತ್ನಗಂಬಳಿಯಲ್ಲಿ ಮಕ್ಸೂದ್ ಕಾಶಾನಿ ಅನ್ನುವ ಹೆಸರಿನ ಜೊತೆ 946 ಅಂತ ವರ್ಷ ನೇಯ್ದಿದೆ. ನಾನು ಸುಮ್ನೆ ಅದನ್ನು ಇಸವಿ ಅಂದುಕೊಂಡು ನೋಟ್‌ಬುಕ್ಕಿನಲ್ಲಿ ನಿಶಾಪುರದ ಬಟ್ಟಲಿನ ಪಕ್ಕದಲ್ಲೇ ಬರೆದುಬಿಟ್ಟಿದ್ದೆ! ಅದು ಹಿಜರಿ, ಅಂದರೆ ಇಸ್ಲಾಮಿಕ್ ಪಂಚಾಂಗದ ವರ್ಷ. 0.97ರಿಂದ ಗುಣಿಸಿ 622 ಕೂಡಿಸಿದರೆ ಹೆಚ್ಚುಕಡಿಮೆ ನಮ್ಮ ಇಸವಿ ಸಿಗುತ್ತದೆ, ಅಂದರೆ 1539-40. ಹತ್ತು ಮೀಟರಿಗಿಂತ ಉದ್ದದ ಗಂಬಳಿ ಅದು. ಅದರ ನಡುವೆ ನೇಯ್ದ ಪದಕದಂಥ ಚಿತ್ತಾರದ ಆಚೆ ಒಂದು, ಈಚೆ ಒಂದು ದೀಪದ ಚಿತ್ರ ತೂಗುತ್ತದೆ, ಒಂದು ಚಿಕ್ಕದು, ಒಂದು ದೊಡ್ಡದು. ಚಿಕ್ಕ ದೀಪದ ಕಡೆ ಕೂತು ನೋಡಿದರೆ ಎರಡೂ ಒಂದೇ ಸಮ ಕಾಣಲಿ ಅಂತ ಹಾಗೆ ಮಾಡಿದ್ದಾರೆ ಅನ್ನೋ ಮಾತಿದೆ. ಚಿತ್ರದ ಪ್ರಿಂಟ್ ನೆಲಕ್ಕೆ ಹಾಸಿ, ಚಿಕ್ಕ ದೀಪದ ಕಡೆ ಗಲ್ಲ ನೆಲಕ್ಕೆ ತಾಗುವ ಹಾಗೆ ಮಲಗಿ ನೋಡಿದೆ. ಹೌದು, ದೂರದ ದೀಪ ಕುಗ್ಗುತ್ತದೆ. ಹಾಗಂತ ನೇಯ್ದವರ ಮನಸ್ಸಿನಲ್ಲಿ ಇದೇ ಇತ್ತು ಅನ್ನೋದು ನನಗೆ ಜಾಸ್ತಿಯೇ ಆಯ್ತು ಅನ್ನಿಸುತ್ತದೆ. ಸದ್ಯಕ್ಕೆ ಪ್ರಿಂಟ್ ಗೋಡೆಯ ಮೇಲಿದೆ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ.