ಕೇಳೋದು ಸುಲಭ, ಉತ್ತರ ತಿಳಿಯಬೇಕು: ಮನಿಲಾದಲ್ಲಿ ನಾನು ಕಲಿತ ಫಿಲಿಪಿನೊ

ಫಿಲಿಪೀನ್ಸ್ ರಾಜಧಾನಿ ಮನಿಲಾದಲ್ಲಿ ಇಂಗ್ಲಿಷ್ ಬಂದರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಆಫೀಸು, ಬ್ಯಾಂಕು, ಮಾಲ್ ಮಟ್ಟಿಗೆ ಅದು ನಿಜ. ಅಲ್ಲಿನ 1987ರ ಸಂವಿಧಾನ ಫಿಲಿಪಿನೊವನ್ನು ರಾಷ್ಟ್ರಭಾಷೆ ಮಾಡಿ, ಆಡಳಿತಕ್ಕೆ ಇಂಗ್ಲಿಷನ್ನೂ ಜೊತೆಗೆ ಇಟ್ಟುಕೊಂಡಿದೆ. ಆದರೆ ನಾನು ಸಸ್ಯಾಹಾರಿ. ಕೆಲಸ ಮನಿಲಾ ಮಹಾನಗರದ ಮಕಾತಿಯಲ್ಲಿ, ಮಧ್ಯಾಹ್ನದ ಊಟ ಆಫೀಸಿನ ಹಿಂದಿನ ಗಲ್ಲಿಯಲ್ಲಿ. ಅಲ್ಲಿಗೆ ಇಂಗ್ಲಿಷ್ ಸಾಲುತ್ತಿರಲಿಲ್ಲ.

ಇಂಥ ಸಣ್ಣ ಊಟದಂಗಡಿಗಳಿಗೆ ಕರಿಂದೆರ್ಯಾ ಅನ್ನುತ್ತಾರೆ. 'ತೂರೊ-ತೂರೊ' ಅನ್ನುವ ಹೆಸರೂ ಇದೆ. ತೂರೊ ಅಂದರೆ ಬೆರಳು ತೋರಿಸುವುದು. ಪಲ್ಯ, ಸಾರು, ಹುರಿದದ್ದು ಎಲ್ಲ ಸಾಲಾಗಿ ಪಾತ್ರೆಗಳಲ್ಲಿರುತ್ತದೆ. ಬೆರಳು ತೋರಿಸಿದರೆ ತಟ್ಟೆಗೆ ಬೀಳುತ್ತದೆ. ಎಲ್ಲ ತಿನ್ನುವವರಿಗೆ ಬಾಯಿ ಬಿಡುವ ಕೆಲಸವೇ ಇಲ್ಲ. ನನಗೆ ಮಾತ್ರ ಪಾತ್ರೆಯೊಳಗೆ ಏನಿದೆ ಅಂತ ಕೇಳಲೇಬೇಕಿತ್ತು.

ಹಾಗಾಗಿ ನಾನು ಮೊದಲು ಬಾಯಿಪಾಠ ಮಾಡಿದ್ದು ನಮಸ್ಕಾರ, ಧನ್ಯವಾದ ಅಲ್ಲ. "ಹಿಂದಿ ಪೊ ಅಕೊ ಕುಮಾಕಾಇನ್ ನಙ್ ಕಾರ್ನೆ." ನಾನು ಮಾಂಸ ತಿನ್ನಲ್ಲ ಅಂತ. (ಹೌದು, ಅಲ್ಲಿ 'ಹಿಂದಿ' ಅಂದರೆ 'ಅಲ್ಲ'. ನಗೋರು ಒಮ್ಮೆ ನಕ್ಕು ಮುಂದೆ ಓದಿ.) ವಾಕ್ಯವೇನೋ ಸರಿ. ಆದರೆ ಅದೊಂದರಿಂದ ಕೆಲಸ ಆಗಲ್ಲ. ಅವರಿಗೆ ಕಾರ್ನೆ ಅಂದರೆ ಹಂದಿ, ದನದಂಥ ಮಾಂಸ. ಮೀನು, ಸಿಗಡಿ ಆ ಲೆಕ್ಕಕ್ಕೆ ಬರಲ್ಲ. ಹೆಸರುಕಾಳಿಗೆ ಅಲ್ಲಿ ಮುಂಗೊ ಅನ್ನುತ್ತಾರೆ. ಕ್ಯಾಥೊಲಿಕರು ಶುಕ್ರವಾರ ಮಾಂಸ ಬಿಡುವ ಪದ್ಧತಿ ಇರುವುದರಿಂದ ಆ ದಿನ ಎಷ್ಟೋ ಕರಿಂದೆರ್ಯಾಗಳಲ್ಲಿ ಮುಂಗೊ ಇರುತ್ತದೆ. ನೋಡಿದರೆ ನಮ್ಮ ಮನೆಯ ಸಾರಿನ ಹಾಗೇ ಇರುತ್ತದೆ. ಒಳಗೆ ಒಣಸಿಗಡಿಯೋ ಹೊಗೆ ಹಾಕಿದ ಮೀನೋ ಇರಬಹುದು. ಹಾಗಲ, ಬದನೆ, ಬೆಂಡೆ, ಕುಂಬಳ ಹಾಕಿದ ಪಿನಕ್‌ಬೆತ್‌ನಲ್ಲಿ ಬಗೊಓಙ್ ಇರುತ್ತದೆ, ಅಂದರೆ ಸಿಗಡಿಯನ್ನೋ ಮೀನನ್ನೋ ಉಪ್ಪು ಹಾಕಿ ಹುದುಗಿಸಿದ್ದು. ಅದಕ್ಕೇ ಒಂದೊಂದನ್ನೂ ಹೆಸರು ಹಿಡಿದು ಕೇಳಬೇಕು. ಬಾಬೊಯ್ ಹಂದಿ, ಮನೊಕ್ ಕೋಳಿ, ಇಸ್ದಾ ಮೀನು, ಹೀಪೊನ್ ಸಿಗಡಿ.

"ಆತೆ, ಮೈ ಹೀಪೊನ್ ಪೊ ಬಾ?" ಅಕ್ಕಾ, ಸಿಗಡಿ ಇದೆಯಾ?

"ಕೊಂತಿ ಲಙ್, ಪಂಪಾಲಾಸಾ."

ಸ್ವಲ್ಪವೇ, ರುಚಿಗೆ! ನನ್ನ ಕಲಿಕೆಯ ದಾರಿ ಬದಲಾಗಿದ್ದು ಇಂಥ ಉತ್ತರಗಳಿಂದಲೇ. ಪ್ರವಾಸಿಗರ ಪುಸ್ತಕಗಳು ಪ್ರಶ್ನೆ ಕಲಿಸುತ್ತವೆ. ಎದುರಿನವರು ಏನು ಹೇಳಬಹುದು ಅನ್ನುವುದು ಅದರಲ್ಲಿ ಇರಲ್ಲ. ನಾನು ನೋಟ್‌ಬುಕ್ಕಿನ ಎಡಗಡೆ ನನ್ನ ಪ್ರಶ್ನೆ ಬರೆದು, ಬಲಗಡೆ ಅದಕ್ಕೆ ಬರಬಹುದಾದ ಉತ್ತರಗಳನ್ನೆಲ್ಲ ಬರೆಯತೊಡಗಿದೆ. ಸಹೋದ್ಯೋಗಿಗಳು ಬಲಗಡೆಯದನ್ನು ಖುಷಿಯಿಂದ ತುಂಬಿಸಿಕೊಟ್ಟರು. 'ವಲಾ' ಅಂದರೆ ಇಲ್ಲ, 'ಮೇರೊನ್' ಅಂದರೆ ಇದೆ, 'ಉಬೋಸ್ ನಾ' ಅಂದರೆ ಖಾಲಿಯಾಯ್ತು, 'ಗೂಲಾಯ್ ಲಙ್' ಅಂದರೆ ತರಕಾರಿ ಮಾತ್ರ. ಕೊನೆಯದು ಕೇಳಿದ ದಿನ ಹೊಟ್ಟೆ ತುಂಬ ಊಟ.

ಇದನ್ನೆಲ್ಲ ಬರೆದಿದ್ದು ಕನ್ನಡ ಲಿಪಿಯಲ್ಲೇ. ಇಂಗ್ಲಿಷ್ ಅಕ್ಷರ ನೋಡಿದರೆ ನಾಲಿಗೆ ತಾನಾಗಿ ಟ, ಡ ಅನ್ನುತ್ತದೆ. ಫಿಲಿಪಿನೊದಲ್ಲಿ ಇರುವುದು ತ, ದ. ಇನ್ನು ಙ. ವರ್ಣಮಾಲೆಯಲ್ಲಿ ಕಲಿತು ಆಮೇಲೆ ಎಲ್ಲೂ ಬಳಸದ ಆ ಅಕ್ಷರ ಇಲ್ಲಿ ಪದದ ಮೊದಲಿಗೇ ಬರುತ್ತದೆ: ಙಯೋನ್, ಅಂದರೆ ಈಗ. ಒತ್ತು ಬೀಳುವ ಕಡೆ ದೀರ್ಘ ಹಾಕಿಕೊಂಡೆ. ಗಬೀ ಅಂದರೆ ರಾತ್ರಿ, ಗಾಬಿ ಅಂದರೆ ಕೆಸುವಿನ ಗೆಡ್ಡೆ. ಅವರು ಬರೆಯುವಾಗ ಎರಡೂ ಒಂದೇ ಥರ ಕಾಣುತ್ತವೆ.

ಕನ್ನಡದವರಿಗೆ ಕೆಲವು ವಿಷಯ ಸಲೀಸು. ಇಂಗ್ಲಿಷಿನಲ್ಲಿ ಯೋಚಿಸಿದರೆ ಎಲ್ಲಕ್ಕೂ ಒಂದೇ 'ನೋ'. ನಮಗೆ ಅಲ್ಲ, ಇಲ್ಲ, ಬೇಡ ಬೇರೆ ಬೇರೆ. ಅವರಿಗೂ ಹಾಗೇ: ಹಿಂದಿ, ವಲಾ, ಹುವಾಗ್. ಪೂರ್ತಿ ತಾಳೆಯಾಗಲ್ಲ. 'ತಿನ್ನಲ್ಲ' ಅನ್ನೋದಕ್ಕೂ ಹಿಂದಿಯೇ ಬರುತ್ತದೆ. ಆದರೂ ಮುಕ್ಕಾಲು ಪಾಲು ಕೆಲಸ ನಡೆಯುತ್ತದೆ. ಅನ್ನದ ಜೊತೆ ಪುಕ್ಕಟೆ ಸಬಾವ್ ಕೊಡುತ್ತಾರೆ, ಸಾಮಾನ್ಯವಾಗಿ ಮಾಂಸ ಬೇಯಿಸಿದ ನೀರಿನ ಸಾರು. ಸೌಟು ಏಳುವ ಮೊದಲೇ "ಹುವಾಗ್ ನಾ ಪೊ" ಅನ್ನಬೇಕು. ಬೇಡ ಬಿಡಿ. ಅನ್ನಕ್ಕೆ ಕಾನಿನ್, ಅಕ್ಕಿಗೆ ಬಿಗಾಸ್, ಭತ್ತಕ್ಕೆ ಪಾಲಾಯ್. ಮೂರಕ್ಕೂ ಮೂರು ಪದ, ನಮ್ಮ ಹಾಗೇ.

'ಪೊ' ಗೌರವಕ್ಕೆ. ನಮ್ಮ 'ರೀ' ಥರ ಅಂದುಕೊಳ್ಳಿ. ಹೌದು ಅನ್ನೋಕೆ ಹಿರಿಯರ ಮುಂದೆ 'ಓಪೊ', ಗೆಳೆಯರ ಹತ್ತಿರ 'ಓಓ'. ನೀನು ಅನ್ನೋಕೆ 'ಕಾ', ನೀವು ಅನ್ನೋಕೆ 'ಕಯೋ'. ಅಂಗಡಿಯವರನ್ನು, ಡ್ರೈವರ್‌ನನ್ನು ಕೂಯಾ (ಅಣ್ಣ), ಆತೆ (ಅಕ್ಕ) ಅಂತಲೇ ಕರೆಯಬೇಕು. ಬೆಂಗಳೂರಲ್ಲಿ ಆಟೋದವರನ್ನು ಅಣ್ಣಾ ಅನ್ನುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಜೀಪ್‌ನಿ ಅನ್ನುವ ಬಸ್ಸಿನಂಥ ಗಾಡಿ ಇನ್ನೊಂದು ಪಾಠಶಾಲೆ. ಹಿಂದಿನಿಂದ ಹತ್ತಿ, ಎದುರುಬದುರು ಬೆಂಚಿನಲ್ಲಿ ಕೂತು, "ಬಾಯದ್ ಪೊ" ಅಂತ ದುಡ್ಡು ಚಾಚಬೇಕು. ಪಕ್ಕದವರು ತೆಗೆದುಕೊಂಡು ಮುಂದಿನವರಿಗೆ ಕೊಡುತ್ತಾರೆ. ಕೈಯಿಂದ ಕೈಗೆ ಡ್ರೈವರ್ ತನಕ ಹೋಗುತ್ತದೆ, ಚಿಲ್ಲರೆ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಇಲ್ಲೂ ಅದೇ ಕಥೆ, ಡ್ರೈವರ್ ತಿರುಗಿ ನೋಡದೆ ಕೇಳುತ್ತಾನೆ: "ಇಲಾನ್ ತೊ?" ಎಷ್ಟು ಜನಕ್ಕೆ? "ಇಸಾ ಲಙ್ ಪೊ," ಒಬ್ಬರಿಗೇ. "ಸಾಆನ್ ಗಾಲಿಙ್?" ಎಲ್ಲಿಂದ ಹತ್ತಿದ್ದು? ಹತ್ತಿದ ಜಾಗದ ಹೆಸರು ಹೇಳಿದರೆ ಮುಗೀತು. ಇಳಿಯೋಕೆ "ಪಾರಾ ಪೊ", ಸ್ವಲ್ಪ ಜೋರಾಗಿ. ಚಿಲ್ಲರೆ ಬರದಿದ್ದರೆ "ಸುಕ್ಲಿ ಪೊ ನಙ್ ಸಿಂಕ್ವೆಂತಾ", ಐವತ್ತಕ್ಕೆ ಚಿಲ್ಲರೆ.

ಆ ಸಿಂಕ್ವೆಂತಾ ಸ್ಪ್ಯಾನಿಷ್. 1565ರಿಂದ 1898ರವರೆಗೆ ಸ್ಪೇನಿನವರು ಅಲ್ಲಿದ್ದರು. ಇಸಾ, ದಲವಾ, ತತ್ಲೊ (ಒಂದು, ಎರಡು, ಮೂರು) ಅಂತ ಫಿಲಿಪಿನೊದ್ದೇ ಅಂಕಿಗಳೂ ಇವೆ. ಜನ ಎಣಿಸೋಕೆ, ಪ್ಲೇಟು ಎಣಿಸೋಕೆ ಅವು ಸಾಕು. ಆದರೆ "ಮಗ್ಕಾನೊ ಪೊ?", ಎಷ್ಟು ಅಂತ ಕೇಳಿದರೆ ಬರುವ ಉತ್ತರ ಬೆಂತೆ, ತ್ರೆಂತಾ, ಕ್ವರೆಂತಾ (ಇಪ್ಪತ್ತು, ಮೂವತ್ತು, ನಲವತ್ತು). ಗಂಟೆಯೂ ಅಷ್ಟೇ, ಅಲಾಸ್ ಓತ್ಸೊ ಅಂದರೆ ಎಂಟು ಗಂಟೆ. ಹತ್ತರ ಗುಣಿತಗಳನ್ನು ಮೊದಲು ಬಾಯಿಪಾಠ ಮಾಡಿ, ಸಂತೆಯಲ್ಲಿ ಅರ್ಧ ಭಯ ಹೋಗುತ್ತದೆ.

ಆಫೀಸಿನಲ್ಲಿ ಬುತ್ತಿ ಬಿಚ್ಚಿದವರ ಪಕ್ಕ ಹಾದುಹೋದರೆ "ಕಾಇನ್ ತಾಯೊ" ಅನ್ನುತ್ತಾರೆ. ಬನ್ನಿ, ಊಟ ಮಾಡೋಣ. ನಮ್ಮಲ್ಲೂ ಹಾಗೆ ಕರೆಯೋದು ಮರ್ಯಾದೆ, ಅಲ್ವಾ? "ಸಾಲಾಮತ್ ಪೊ, ಬುಸೋಗ್ ಪಾ ಅಕೊ", ಥ್ಯಾಂಕ್ಸ್, ಹೊಟ್ಟೆ ತುಂಬಿದೆ ಅಂದರೆ ಸಾಕು. ಆ 'ತಾಯೊ'ದಲ್ಲಿ ನೀವೂ ಸೇರಿದ್ದೀರಿ. ನಿಮ್ಮನ್ನು ಬಿಟ್ಟು 'ನಾವು' ಅನ್ನೋಕೆ 'ಕಮಿ'. ನಾನು ಕೋಲಾರದವನು. ನಮ್ಮ ಕಡೆ ತೆಲುಗು ಕಿವಿಗೆ ಬೀಳುತ್ತಲೇ ಇರುತ್ತದೆ. ಮನಂ, ಮೇಮು ಗೊತ್ತಿದ್ದವನಿಗೆ ತಾಯೊ, ಕಮಿ ಕಷ್ಟ ಆಗಲಿಲ್ಲ.

ಒಂದು ಎಚ್ಚರಿಕೆ. ಮೆಡಿಕಲ್ ಓದೋಕೆ ದಕ್ಷಿಣ ಫಿಲಿಪೀನ್ಸ್‌ನ ದಾವಾವ್‌ಗೆ ಹೋಗುವವರು ಇದನ್ನೇ ಕಲಿತು ಹೊರಡಬೇಡಿ. ಫಿಲಿಪಿನೊ ಅಲ್ಲೂ ಅರ್ಥವಾಗುತ್ತದೆ, ಆದರೆ ಬೀದಿಯಲ್ಲಿ ಜಾಸ್ತಿ ಕೇಳೋದು ಬಿಸಾಯಾ ಅನ್ನುವ ಬೇರೆ ಭಾಷೆ. ಅದರಲ್ಲಿ 'ಪೊ' ಇಲ್ಲ. 'ಎಷ್ಟು?' ಅನ್ನೋಕೂ "ತಗ್ಪಿಲಾ ನಿ?" ಅನ್ನಬೇಕು. ಸಾಲಾಮತ್ ಮಾತ್ರ ಎರಡು ಕಡೆಯೂ ನಡೆಯುತ್ತದೆ. ನೋಟ್‌ಬುಕ್ಕಿನ ಬಲಗಡೆಯನ್ನು ಖಾಲಿ ಬಿಟ್ಟುಕೊಂಡು ಹೋಗಿ, ಅಲ್ಲಿನವರ ಕೈಲೇ ತುಂಬಿಸಿಕೊಳ್ಳಿ.